ಅಗಲ ಕ್ಯೂಆರ್‌ಎಸ್, ಜೋರು ರೇಟ್: ಎಮರ್ಜೆನ್ಸಿ ಪೋಸ್ಟಿಂಗ್ ನೋಟ್ಸ್

ದಾವಣಗೆರೇಲಿ ನನ್ ಜೊತೆ ಎಮರ್ಜೆನ್ಸಿ ಪೋಸ್ಟಿಂಗ್‌ಗೆ ಹೋಗೋರಿಗೆ, ಹಾರ್ಟ್ ಜೋರಾಗಿ ಓಡ್ತಿರುವಾಗ ಇಸಿಜಿ ಹೆಂಗೆ ಓದೋದು ಅಂತ ಇದು. ಕ್ಯೂಆರ್‌ಎಸ್ ಅಂದ್ರೆ ಇಸಿಜಿಲಿ ಹಾರ್ಟಿನ ಕೆಳಗಿನ ಕೋಣೆಗಳ ಬಡಿತ ತೋರ್ಸೋ ಚೂಪು ಗೆರೆ. ಮೊದ್ಲು ಪಲ್ಸ್ ಮುಟ್ಟಿ, ಆಮೇಲೆ ಮಾನಿಟರ್. ಪಲ್ಸ್ ಇಲ್ವಾ, ಸಿಪಿಆರ್ ಶುರು. ಆಗ ವಿಎಫ್ (ಕೆಳಗಿನ ಕೋಣೆ ಬಡಿಯದೆ ಬರೀ ನಡುಗೋದು) ಅಥ್ವಾ ವಿಟಿ (ಕೆಳಗಿನ ಕೋಣೆಯಿಂದಲೇ ಏಳೋ ಜೋರು ಬಡಿತ) ಇದ್ರೆ ಶಾಕ್, ಅಸಿಸ್ಟೋಲ್ (ಗೆರೆ ಸಪಾಟು), ಪಿಇಎಗೆ (ಗೆರೆ ಓಡ್ತಿದ್ರೂ ಪಲ್ಸ್ ಇಲ್ದಿರೋದು) ಶಾಕ್ ಇಲ್ಲ. ಇಷ್ಟು ಎಲ್ರಿಗೂ ಬಾಯಿಪಾಠ.

ರೇಟ್‌ಗೆ 300ನ್ನ ಎರಡು ಆರ್ (ಕ್ಯೂಆರ್‌ಎಸ್‌ನ ಮೇಲಿನ ತುದಿ) ನಡುವಿನ ಇಸಿಜಿ ಪೇಪರ್‌ನ ದೊಡ್ಡ ಬಾಕ್ಸ್‌ಗಳಿಂದ ಭಾಗಿಸಿ. ಎಎಫ್ (ಮೇಲಿನ ಕೋಣೆ ಅಡ್ಡಾದಿಡ್ಡಿ ನಡುಗೋದು) ಥರ ಏರುಪೇರು ಇದ್ರೆ 30 ದೊಡ್ಡ ಬಾಕ್ಸಲ್ಲಿರೋ ಕ್ಯೂಆರ್‌ಎಸ್ ಎಣಿಸಿ 10ರಿಂದ ಗುಣಿಸಿ.

ಕ್ಯೂಆರ್‌ಎಸ್ ಸಣ್ಣಗಿದ್ದು ರೇಟ್ ಜೋರಿದ್ರೆ ಪಿ ವೇವ್ (ಮೇಲಿನ ಕೋಣೆಯ ಬಡಿತ ತೋರ್ಸೋ ಸಣ್ಣ ಉಬ್ಬು) ಹುಡುಕಿ. ಬಿಸಿಲಲ್ಲಿ ಮೆಕ್ಕೆಜೋಳದ ಹೊಲದಿಂದ ನೀರು ಕುಡೀದೆ ಸುಸ್ತಾಗಿ ಬಂದೋರಿಗೆ ರೇಟ್ 130 ಇದ್ದು, ಪಿ ಚೆನ್ನಾಗಿ ಕಂಡು, ಡ್ರಿಪ್ ಹೋದಂಗೆ ರೇಟ್ ಇಳಿದ್ರೆ ಅದು ಸೈನಸ್, ಅಂದ್ರೆ ಹಾರ್ಟಿನ ಮಾಮೂಲಿ ತಾಳನೇ ಜೋರಾಗಿರೋದು. ರೇಟ್ 180ಕ್ಕೆ ಅಂಟ್ಕೊಂಡು ಕೂತು, ಪಿ ಕಾಣ್ದೆ, ಒಮ್ಮೆಗೇ ಶುರುವಾಯ್ತು ಅಂದ್ರೆ ಎಸ್‌ವಿಟಿ (ಕೆಳಗಿನ ಕೋಣೆಗಿಂತ ಮೇಲಿಂದ ಏಳೋ ಜೋರು ಬಡಿತ).

ಈಗ ನನ್ ತಲೆ ತಿಂದಿದ್ದು. ಕ್ಯೂಆರ್‌ಎಸ್ 3 ಸಣ್ಣ ಬಾಕ್ಸ್, ಅಂದ್ರೆ 0.12 ಸೆಕೆಂಡ್‌ಗಿಂತ ಅಗಲ, ರೇಟ್ 170, ತಾಳ ಸರಿಯಾಗೈತೆ. ಜಗಳೂರು ಕಡೆ ಅಜ್ಜ ಒಬ್ರು ಬಂದ್ರು ಅನ್ಕೊಳ್ಳಿ, ಹಿಂದೆ ಹಾರ್ಟ್ ಅಟ್ಯಾಕ್ ಆಗೈತೆ, ಬಿಪಿ 120/80, "ಎದೆ ಡವಡವ ಅಂತೈತಮ್ಮ, ಬೇರೇನಿಲ್ಲ" ಅಂತಾರೆ. ಇಷ್ಟು ಚೆನ್ನಾಗಿ ಮಾತಾಡ್ತಿದಾರೆ, ವಿಟಿ ಹೆಂಗಾಗುತ್ತೆ, ಎಸ್‌ವಿಟಿನೇ ಇರ್ಬೇಕು ಅನ್ಸುತ್ತೆ. ಇಲ್ಲೇ ಎಡವೋದು! ಬಿಪಿ ನೋಡಿ ಎಷ್ಟು ಅರ್ಜೆಂಟ್ ಅಂತ ಹೇಳ್ಬೋದು, ಯಾವ ರಿದಮ್ ಅಂತ ಹೇಳಕ್ಕಾಗಲ್ಲ. ವಿಟಿ ಇದ್ದೋರೂ ಸ್ವಲ್ಪ ಹೊತ್ತು ಆರಾಮಾಗಿ ಮಾತಾಡ್ತಾರೆ. ಹಳೇ ಹಾರ್ಟ್ ಅಟ್ಯಾಕ್ ಇದ್ದು ಅಗಲ ಕ್ಯೂಆರ್‌ಎಸ್ ಓಡ್ತಿದ್ರೆ ಬಹುಪಾಲು ವಿಟಿನೇ. ಪಿ ತನ್ ಪಾಡಿಗೆ, ಕ್ಯೂಆರ್‌ಎಸ್ ತನ್ ಪಾಡಿಗೆ ಹೋಗ್ತಿದ್ರೆ ಪಕ್ಕಾ, ಆದ್ರೆ ಅದು ಕಾಣ್ಲಿಲ್ಲ ಅಂತ ವಿಟಿ ಅಲ್ಲ ಅನ್ನಂಗಿಲ್ಲ. ಮನೆಯೋರು ಪ್ಲಾಸ್ಟಿಕ್ ಕವರಲ್ಲಿ ತಂದಿರೋ ಹಳೇ ಇಸಿಜಿ ತೆಗಿಸಿ ನೋಡಿ, ಅದ್ರಲ್ಲೂ ಇದೇ ಆಕಾರದ ಬಂಡಲ್ ಬ್ರಾಂಚ್ ಬ್ಲಾಕ್ (ಹಾರ್ಟಿನ ಕರೆಂಟ್ ದಾರೀಲಿ ತಡೆ, ಇದ್ರಿಂದ್ಲೂ ಕ್ಯೂಆರ್‌ಎಸ್ ಅಗಲ ಆಗುತ್ತೆ) ಇದ್ರೆ ಮಾತ್ರ ಎಸ್‌ವಿಟಿ ಕಡೆ ಯೋಚ್ನೆ ಮಾಡ್ಬೋದು. ಡೌಟ್ ಇದ್ರೆ ವಿಟಿ ಅಂತನೇ ಹಿಡಿರಿ, ಯಾಕಂದ್ರೆ ಎಸ್‌ವಿಟಿ ಅನ್ಕೊಂಡು ವೆರಾಪಮಿಲ್ (ಎಸ್‌ವಿಟಿಗೆ ಕೊಡೋ ಔಷಧಿ) ಕೊಟ್ರೆ ವಿಟಿ ಇದ್ದೋರ ಬಿಪಿ ದಬಕ್ಕಂತ ಬಿದ್ದು ಜೀವಕ್ಕೇ ಕುತ್ತು.

ಅಜ್ಜ ಮಾತಾಡ್ತಿರುವಾಗ್ಲೇ ಡಾಕ್ಟ್ರನ್ನ ಕರೀರಿ, ಶಾಕ್ ಮಷಿನ್ ಪ್ಯಾಡ್ ಎದೆಗೆ ಅಂಟಿಸಿಡಿ. ಬಿಪಿ ಬಿದ್ರೆ, ಮಂಪರು ಬಂದ್ರೆ ಸಿಂಕ್ (ಕ್ಯೂಆರ್‌ಎಸ್ ನೋಡಿ ಅದಕ್ಕೆ ಸರಿಯಾಗಿ ಶಾಕ್ ಬಿಡೋ ಬಟನ್) ಒತ್ತಿ ಶಾಕ್. ಪಲ್ಸೇ ಹೋದ್ರೆ ಸಿಂಕ್ ಆಫ್ ಮಾಡಿರಬೇಕು, ಇಲ್ಲಾಂದ್ರೆ ವಿಎಫ್‌ನಲ್ಲಿ ಮಷಿನ್ ಕ್ಯೂಆರ್‌ಎಸ್ ಹುಡುಕ್ತಾ ಕೂತು ಶಾಕೇ ಕೊಡಲ್ಲ.