ಬಣ್ಣ ಹಿಡಿದ ದಾರಿ

ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3. ಹೊರಗೆ ಜಡಿಮಳೆ, ಒಳಗೆ ಒಲೆಯ ಮೇಲೆ ಮದ್ದುಸೊಪ್ಪು. ಕಾಂಡದ ಸಮೇತ ಕುದಿಸಿದ ಸೊಪ್ಪು ನೀರಿಗೆ ಕಡುನೇರಳೆ ಬಣ್ಣ ಬಿಡುತ್ತದೆ. ಅದನ್ನು ಸೋಸಿ, ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿತುರಿ ಹಾಕಿದರೆ ಪಾಯಸ. ಕೊಡಗಿಗೆ ಹೊಸದಾಗಿ ಬಂದವರು ಇದನ್ನು ಚಪ್ಪರಿಸಿ ತಿಂದು ಮಲಗುತ್ತಾರೆ, ಆಮೇಲೆ ಮೂತ್ರ ಕೆಂಪಾಗಿರುವುದು ಕಂಡು ಗಾಬರಿಯಾಗುತ್ತಾರೆ. ಮನೆಯ ಹಿರಿಯರಿಗೆ ಅದು ವರ್ಷಾವರ್ಷದ ನಗು.

ಸೊಪ್ಪಿನ ಔಷಧಗುಣದ ಚರ್ಚೆ ಇಲ್ಲಿ ಬೇಡ. ಹೊಟ್ಟೆಗೆ ಹೋದ ಬಣ್ಣ ರಕ್ತಕ್ಕೆ ಸೇರಿ, ಕಿಡ್ನಿಯ ದಾರಿ ಹಿಡಿದು ಹೊರಬಿತ್ತು, ಅಷ್ಟು ಸಾಕು. ಒಂದು ಬಣ್ಣ ದೇಹದೊಳಗೆ ಯಾವ ದಾರಿ ಹಿಡಿಯುತ್ತದೆಂದು ಮೊದಲೇ ಗೊತ್ತಿದ್ದರೆ ಆ ದಾರಿಯನ್ನೇ ಕಣ್ಣಿಗೆ ಕಾಣುವಂತೆ ಮಾಡಬಹುದು. ಆ ಬಣ್ಣ ಬೆಳಕು ಬಿದ್ದಾಗ ತಾನೂ ಬೆಳಗುವಂಥದ್ದಾದರೆ ಇನ್ನೂ ಒಳ್ಳೆಯದು. ಹೀಗೆ ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದ ಬೆಳಕನ್ನು ಉಗುಳುವುದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇವತ್ತಿನ ಶಸ್ತ್ರಚಿಕಿತ್ಸೆಯಲ್ಲಿ ಇದು ನಿತ್ಯದ ಸಾಧನವಾಗುತ್ತಿದೆ.

ಹೆಚ್ಚು ಬಳಕೆಯಲ್ಲಿರುವುದು ಇಂಡೊಸಯನೀನ್ ಗ್ರೀನ್, ಸರ್ಜನ್‌ಗಳ ಬಾಯಲ್ಲಿ ಐಸಿಜಿ. ಹುಟ್ಟಿದ್ದು ಕೊಡ್ಯಾಕ್ ಕಂಪನಿಯ ಫೋಟೋ ಪ್ರಯೋಗಾಲಯದಲ್ಲಿ. ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಸಿಕ್ಕಿದ್ದು 1959ರಲ್ಲಿ. ಬಣ್ಣ ಹಳೆಯದು, ಹೊಸದಾಗಿ ಬಂದದ್ದು ಅದನ್ನು ನೋಡುವ ಕ್ಯಾಮೆರಾ. ಸುಮಾರು 800 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರಿ 830ರ ಆಸುಪಾಸಿನಲ್ಲಿ ಐಸಿಜಿ ಬೆಳಗುತ್ತದೆ. ಇವೆರಡೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು. ಟಿವಿ ರಿಮೋಟಿನ ಗುಂಡಿ ಒತ್ತಿ ಅದರ ಮೂತಿಯನ್ನು ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ಹಿಡಿದರೆ ಅಂಥದೇ ಕಾಣದ ಬೆಳಕು ನೇರಳೆಯಾಗಿ ಮಿನುಗುವುದು ಕಾಣುತ್ತದೆ. ಅವಕೆಂಪೇ ಯಾಕೆ? ಕರೆಂಟು ಹೋದಾಗ ಟಾರ್ಚನ್ನು ಅಂಗೈಗೆ ಒತ್ತಿ ನೋಡಿ. ಹಸಿರು, ನೀಲಿಯನ್ನೆಲ್ಲ ರಕ್ತ ನುಂಗಿಬಿಡುತ್ತದೆ, ಆಚೆ ಬರುವುದು ಕೆಂಪು ಮಾತ್ರ. 700ರಿಂದ 900 ನ್ಯಾನೋಮೀಟರಿನ ನಡುವೆ ರಕ್ತದ ಕಾಟವೂ ಕಮ್ಮಿ, ನೀರಿನ ಕಾಟವೂ ಕಮ್ಮಿ. ಅಲ್ಲಿ ಬೆಳಗುವ ಬಣ್ಣ ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪದ ಮಾಂಸ, ಕೊಬ್ಬಿನ ಹಿಂದಿದ್ದರೂ ಕಾಣುತ್ತದೆ.

ರಕ್ತಕ್ಕೆ ಬಿದ್ದ ಐಸಿಜಿ ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಹೋಗುತ್ತದೆ. ಮದ್ದುಸೊಪ್ಪಿನ ಬಣ್ಣದಂತೆ ಇದು ಕಿಡ್ನಿಯ ಕಡೆ ಸುಳಿಯುವುದಿಲ್ಲ. ಯಕೃತ್ತು ಇದನ್ನು ಹೆಕ್ಕಿ ನೇರ ಪಿತ್ತಕ್ಕೆ ಸುರಿಯುತ್ತದೆ. ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಮಾಡುವವರಿಗೆ ಬೇಕಾದದ್ದೂ ಇದೇ. ಆ ಶಸ್ತ್ರಕ್ರಿಯೆಯ ದೊಡ್ಡ ಭಯವೆಂದರೆ, ಪಿತ್ತಕೋಶದ ಸಣ್ಣ ನಾಳವೆಂದು ತಿಳಿದು ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವುದು. ಐಸಿಜಿ ಕೊಟ್ಟಿದ್ದರೆ ಕೊಬ್ಬು ಬಿಡಿಸುವ ಮೊದಲೇ ನಾಳಗಳು ಪರದೆಯ ಮೇಲೆ ಹಸಿರು ಗೆರೆಯಾಗಿ ಮೂಡುತ್ತವೆ. ಆ ಹಸಿರು ಮಾತ್ರ ಕ್ಯಾಮೆರಾ ಬಳಿದ ಬಣ್ಣ, ಅಸಲಿ ಬೆಳಕಿಗೆ ಬಣ್ಣವೇ ಇಲ್ಲ.

ತಯಾರಿ ಸುಲಭವಾಗಿ ಕಂಡರೂ ಎಡವುವುದು ಇಲ್ಲೇ. 25 ಮಿಲಿಗ್ರಾಂ ಪುಡಿಯ ಸೀಸೆಗೆ 10 ಮಿಲಿಲೀಟರ್ ಶುದ್ಧೀಕರಿಸಿದ ಇಂಜೆಕ್ಷನ್ ನೀರು ಹಾಕಬೇಕು. ಕೈಗೆ ಸಿಕ್ಕಿತೆಂದು ಸಲೈನ್ ಹಾಕಿದರೆ ಉಪ್ಪಿಗೆ ಬಣ್ಣದ ಅಣುಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಕಲಸಿದ್ದನ್ನು ಆರು ಗಂಟೆಯೊಳಗೆ ಬಳಸಬೇಕು, ನೀರಿನಲ್ಲಿ ಅದು ತಾಳುವುದಿಲ್ಲ. ಪಿತ್ತನಾಳಕ್ಕೆ 2.5 ಮಿಲಿಗ್ರಾಂ, ಅಂದರೆ ಒಂದೇ ಮಿಲಿಲೀಟರ್ ಸಾಕು. ಮಂಕಾಗಿ ಕಂಡಿತೆಂದು ಇನ್ನಷ್ಟು ಸುರಿದರೆ ಪ್ರಯೋಜನವಿಲ್ಲ. ಒತ್ತೊತ್ತಾಗಿ ನಿಂತ ಅಣುಗಳು ಒಂದರ ಬೆಳಕನ್ನು ಇನ್ನೊಂದು ನಂದಿಸುತ್ತವೆ. ಕೊಡುವ ಹೊತ್ತೂ ಮುಖ್ಯ. ಕತ್ತಿ ಹಿಡಿಯುವ ತುಸು ಮುನ್ನವಷ್ಟೇ ಕೊಟ್ಟರೆ ಯಕೃತ್ತೇ ದೀಪದಂತೆ ಉರಿದು ಪಕ್ಕದ ನಾಳ ಕಾಣದಾಗುತ್ತದೆ. ಕಡಿಮೆಯೆಂದರೆ ಮುಕ್ಕಾಲು ಗಂಟೆ ಮುಂಚೆ, ಇನ್ನೂ ಕೆಲವು ಗಂಟೆ ಮುಂಚೆಯಾದರೆ ಮತ್ತೂ ಒಳ್ಳೆಯದು. ಉರಿಯೂತದಿಂದ ದಪ್ಪಗಟ್ಟಿದ ಕೊಬ್ಬಿದ್ದರೆ ಇಷ್ಟೆಲ್ಲ ಮಾಡಿಯೂ ಗೆರೆ ಮೂಡದಿರಬಹುದು. ಅಂಥಲ್ಲಿ ಕಾಣದ ಜಾಗದಲ್ಲಿ ನಾಳವಿಲ್ಲ ಎಂದುಕೊಳ್ಳುವುದು ಬಣ್ಣವನ್ನೇ ಬಳಸದಿರುವುದಕ್ಕಿಂತ ಅಪಾಯ.

ಕರುಳಿನ ತುಂಡು ತೆಗೆದು ಎರಡು ತುದಿ ಹೊಲಿಯುವಾಗ ನೋಡಬೇಕಾದದ್ದು ಪಿತ್ತವಲ್ಲ, ರಕ್ತ. ತುದಿಗೆ ರಕ್ತ ಬಾರದಿದ್ದರೆ ಹೊಲಿಗೆ ಕೊಳೆತು ಸೋರುತ್ತದೆ. 5ರಿಂದ 10 ಮಿಲಿಗ್ರಾಂ ಐಸಿಜಿ ರಕ್ತನಾಳಕ್ಕೆ ಕೊಟ್ಟರೆ ಒಂದು ನಿಮಿಷದೊಳಗೆ ಕರುಳು ಬೆಳಗತೊಡಗುತ್ತದೆ. ಬೆಳಕು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಈಚೆಗೆ, ಬೆಳಗಿದ ಭಾಗದಲ್ಲಿ ಕತ್ತರಿಸಬೇಕು. ತೀರ್ಮಾನ ಬೇಗ ಆಗಬೇಕು. ಐದಾರು ನಿಮಿಷ ತಡಮಾಡಿದರೆ ರಕ್ತವಿಲ್ಲದ ಕಡೆಗೂ ಬಣ್ಣ ನಿಧಾನಕ್ಕೆ ಹರಡಿ, ಸಾಯುತ್ತಿರುವ ಕರುಳೂ ಆರೋಗ್ಯವಂತನಂತೆ ಕಾಣುತ್ತದೆ. ಕ್ಯಾಮೆರಾ ಹತ್ತಿರ ತಂದರೆ ಹೊಳಪು ಹೆಚ್ಚು, ದೂರ ಹಿಡಿದರೆ ಕಮ್ಮಿ. ಥಿಯೇಟರಿನ ದೊಡ್ಡ ದೀಪದ ಅವಕೆಂಪು ಅಂಶವೂ ಇದಕ್ಕೆ ಬೆರೆಯುತ್ತದೆ, ಹಾಗಾಗಿ ತೆರೆದ ಶಸ್ತ್ರಕ್ರಿಯೆಯಲ್ಲಿ ಆ ದೀಪವನ್ನು ನಂದಿಸಿ ನೋಡಬೇಕು.

ಇಷ್ಟು ಮಾಡಿದರೆ ಸೋರಿಕೆ ನಿಲ್ಲುತ್ತದೆಯೇ? ಅಮೆರಿಕದಲ್ಲಿ ರೋಗಿಗಳ ಮೇಲೆ ನಡೆದ ಪಿಲ್ಲರ್-3 ಎಂಬ ಪರೀಕ್ಷೆಯಲ್ಲಿ ಬಣ್ಣ ಬಳಸಿದವರಲ್ಲಿ ಸೋರಿಕೆ ಶೇ 9.0, ಬಳಸದವರಲ್ಲಿ ಶೇ 9.6. ವ್ಯತ್ಯಾಸವೇ ಇಲ್ಲ ಎನ್ನಬೇಕು. ಜಪಾನಿನಲ್ಲಿ ಗುದನಾಳದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಬಣ್ಣ ಬಳಸಿದವರಲ್ಲಿ ಶೇ 7.6, ಬಳಸದವರಲ್ಲಿ ಶೇ 11.8. ಪಿಲ್ಲರ್-3 ಅರ್ಧದಲ್ಲೇ ನಿಂತ ಪರೀಕ್ಷೆ, ಅದರಲ್ಲಿದ್ದವರು ಸುಮಾರು 350 ಮಂದಿ ಮಾತ್ರ. ಸಣ್ಣ ಲಾಭವೊಂದು ಇದ್ದರೂ ಅಷ್ಟು ಜನರಲ್ಲಿ ತೋರದೆ ಹೋಗಬಹುದು. ಆದರೂ ಹೊಲಿಗೆ ಸೋರುವುದಕ್ಕೆ ರಕ್ತದ ಕೊರತೆ ಒಂದು ಕಾರಣ ಮಾತ್ರ. ಎಳೆತ, ಸೋಂಕು, ಬೀಡಿ ಸಿಗರೇಟು ಇವುಗಳನ್ನೆಲ್ಲ ಯಾವ ಬಣ್ಣವೂ ತೋರಿಸದು.

ಇನ್ನೊಂದು ಬಣ್ಣದ ಕಥೆಗೆ ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಹಿಡಿ ಪಾಲಕ್ ಹೆಚ್ಚಿ, ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅರೆದು, ಅರ್ಧ ಗಂಟೆ ಕತ್ತಲಲ್ಲಿಟ್ಟು ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ. ಒಲೆಯಿಂದ ದೂರ, ಸ್ಪಿರಿಟ್ ಹೊತ್ತಿಕೊಳ್ಳುತ್ತದೆ. ತೋಟದ ಕಾಫಿ ಎಲೆಯೂ ಆದೀತು, ಆದರೆ ಅರೆಯುವಷ್ಟರಲ್ಲಿ ಕಂದಾಗುವ ಚಾಳಿ ಅದಕ್ಕೆ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಸೀಸೆಗೆ ಹಿಡಿದು ಪಕ್ಕದಿಂದ ನೋಡಿ. ಹಸಿರು ರಸ ರಕ್ತಗೆಂಪಾಗಿ ಬೆಳಗುತ್ತದೆ. ಬಿಸಿಲಿಗಿಟ್ಟರೆ ಹಸಿರೂ ಮಾಸುತ್ತದೆ, ಆ ಕೆಂಪೂ ಸಾಯುತ್ತದೆ.

ಎಲೆಯ ಹಸಿರಿಗೂ ರಕ್ತದ ಕೆಂಪಿಗೂ ಬೀಜ ಒಂದೇ: ಅಮೈನೊಲೆವುಲಿನಿಕ್ ಆಮ್ಲ ಎಂಬ ಪುಟ್ಟ ಅಣು. ಅಂಥ ಎಂಟು ಅಣು ಸೇರಿ ಪ್ರೊಟೊಪಾರ್ಫಿರಿನ್ ಎಂಬ ಉಂಗುರವಾಗುತ್ತದೆ. ನಡುವೆ ಮೆಗ್ನೀಸಿಯಂ ಕೂತರೆ ಮುಂದೆ ಅದೇ ಪತ್ರಹರಿತ್ತು, ಕಬ್ಬಿಣ ಕೂತರೆ ಹೀಮ್. ಕಬ್ಬಿಣ ಕೂತ ಉಂಗುರ ಬೆಳಗುವುದಿಲ್ಲ, ಖಾಲಿ ಉಂಗುರ ಕೆಂಪಾಗಿ ಬೆಳಗುತ್ತದೆ. ಮಿದುಳಿನ ಗ್ಲಯೋಮಾ ಗೆಡ್ಡೆಯ ಜೀವಕೋಶಗಳಲ್ಲಿ ಕಬ್ಬಿಣ ಕೂರಿಸುವ ಕಿಣ್ವ ಸೋಮಾರಿ, ಹಾಗಾಗಿ ಖಾಲಿ ಉಂಗುರಗಳು ರಾಶಿ ಬೀಳುತ್ತವೆ. ರೋಗಿಗೆ ಕೆಜಿಗೆ 20 ಮಿಲಿಗ್ರಾಂ ಲೆಕ್ಕದಲ್ಲಿ ಆ ಆಮ್ಲ ಕುಡಿಸುತ್ತಾರೆ. 1.5 ಗ್ರಾಂ ಪುಡಿ 50 ಮಿಲಿಲೀಟರ್ ಕುಡಿಯುವ ನೀರಿಗೆ, 60 ಕೆಜಿಯವರಿಗೆ ಅದರಲ್ಲಿ 40 ಮಿಲಿಲೀಟರ್, ಅರಿವಳಿಕೆಗೆ ಎರಡರಿಂದ ನಾಲ್ಕು ಗಂಟೆ ಮೊದಲು. ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕು ಹಾಕಿದಾಗ ಗೆಡ್ಡೆ 635 ನ್ಯಾನೋಮೀಟರಿನ ಕೆಂಪಿನಲ್ಲಿ ಹೊಳೆಯುತ್ತದೆ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ತಂಡ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸ್ಕ್ಯಾನಿನಲ್ಲಿ ಕಾಣುವ ಗೆಡ್ಡೆ ಪೂರ್ತಿ ಹೊರಬಂದದ್ದು ಶೇ 65 ಮಂದಿಯಲ್ಲಿ, ಬರೀ ಬಿಳಿ ಬೆಳಕಿನಲ್ಲಿ ಶೇ 36 ಮಂದಿಯಲ್ಲಿ.

ಇಲ್ಲಿ ಕೆಲಸ ಮಾಡುವುದು ನೀಲಿ ಬೆಳಕು, ಆಳಕ್ಕೆ ಇಳಿಯದು. ಗೆಡ್ಡೆಯ ಮೇಲೆ ತೆಳ್ಳಗೆ ರಕ್ತ ಹರಡಿದರೂ ಕೆಂಪು ಮಾಯ, ಆಗಾಗ ನೀರು ಬಿಟ್ಟು ತೊಳೆಯುತ್ತಿರಬೇಕು. ಬಹಳ ಹೊತ್ತು ಬೆಳಕು ಬಿದ್ದ ಮೇಲ್ಮೈ ಪಾಲಕ್ ರಸದಂತೆಯೇ ಮಾಸುತ್ತದೆ. ನಿಧಾನಕ್ಕೆ ಬೆಳೆಯುವ ಗೆಡ್ಡೆಗಳು ಹಲವು ಬೆಳಗುವುದೇ ಇಲ್ಲ. ಬೆಳಗುವ ಭಾಗ ಮಾತಿನ ಕೇಂದ್ರಕ್ಕೆ ತಾಗಿದ್ದರೆ ಬೆಳಗಿದರೂ ಬಿಡಬೇಕಾಗುತ್ತದೆ. ಉಂಗುರಗಳು ಚರ್ಮದಲ್ಲೂ ಸೇರುವುದರಿಂದ ರೋಗಿಯನ್ನು 24 ಗಂಟೆ ಪ್ರಖರ ಬೆಳಕಿಗೆ ಒಡ್ಡಬಾರದು, ಕಿಟಕಿಯ ಪರದೆ ಎಳೆದೇ ಇರಬೇಕು.

ಈಚಿನ ರಸಾಯನಶಾಸ್ತ್ರಜ್ಞರು ಬಣ್ಣಕ್ಕೆ ವಿಳಾಸವನ್ನೇ ಅಂಟಿಸುತ್ತಿದ್ದಾರೆ. 2021ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಪಫೊಲಾಸಯನೀನ್‌ನಲ್ಲಿ ಅವಕೆಂಪು ಬಣ್ಣಕ್ಕೆ ಫೋಲಿಕ್ ಆಮ್ಲದಂಥ ಬಾಲವೊಂದಿದೆ. ಫೋಲಿಕ್‌ಗೆ ಬಾಯಿ ಬಿಡುವ ಕ್ಯಾನ್ಸರ್ ಕೋಶಗಳು ಅದನ್ನು ಹಿಡಿದುಕೊಳ್ಳುತ್ತವೆ. ಹೊರಗಿನಿಂದ ಫೋಲಿಕ್ ಹೋಗುತ್ತಿದ್ದರೆ ಜಾಗವೆಲ್ಲ ಮೊದಲೇ ಭರ್ತಿ, ಬಣ್ಣಕ್ಕೆ ಕೂರಲು ಎಡೆಯಿಲ್ಲ. ಆದ್ದರಿಂದ 48 ಗಂಟೆ ಮೊದಲೇ ಆ ಮಾತ್ರೆ ನಿಲ್ಲಿಸಬೇಕೆಂದು ನಿಯಮ. ನಮ್ಮಲ್ಲಿ ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲೂ ಸಾಮಾನ್ಯವಾಗಿ ಫೋಲಿಕ್ ಬೆರೆತಿರುತ್ತದೆ. ಅಂಥ ಶಸ್ತ್ರಕ್ರಿಯೆಗೆ ಹೋಗುವವರು ಅದನ್ನು "ಬರೀ ಟಾನಿಕ್" ಎಂದು ಬಿಟ್ಟುಬಿಡದೆ ಮಾತ್ರೆಯ ಹಾಳೆಯನ್ನೇ ವೈದ್ಯರ ಮುಂದಿಡಬೇಕು.