ಕಾಶ್ಮೀರ ಅಂದರೆ ಯಾವ ಕಾಶ್ಮೀರ?

ಇತಿಹಾಸ ಪಾಠ ಮಾಡುವ ನನಗೆ ಪ್ರತಿ ವರ್ಷ ತಪ್ಪದೆ ಬರುವ ಪ್ರಶ್ನೆ ಒಂದಿದೆ. "ಮೇಡಂ, ಕಾಶ್ಮೀರ ಮೊದಲಿಂದ ಯಾರದ್ದು?" ಪದವಿ ತರಗತಿಯ ಮಕ್ಕಳು ಕೇಳುತ್ತಾರೆ. ಮದುವೆ ಊಟಕ್ಕೆ ಪಕ್ಕದ ಎಲೆಯಲ್ಲಿ ಕೂತವರೂ ಕೇಳುತ್ತಾರೆ. ಆಗ ನಾನು ತಿರುಗಿ ಕೇಳುತ್ತೇನೆ: ಯಾವ ಕಾಶ್ಮೀರ? ಯಾವ ಇಸವಿಯ ಕಾಶ್ಮೀರ?

ಸುಮ್ನೆ ತಪ್ಪಿಸಿಕೊಳ್ಳಲು ಕೇಳುವ ಪ್ರಶ್ನೆ ಅಲ್ಲ ಇದು. ಈಗ ವಿವಾದ ಇರುವುದು ಒಂದು ದೊಡ್ಡ ಪ್ರದೇಶದ ಬಗ್ಗೆ. ಕಣಿವೆ, ಜಮ್ಮು, ಲಡಾಖ್, ಗಿಲ್ಗಿಟ್, ಬಾಲ್ಟಿಸ್ತಾನ್, ಪೂಂಛ್ ಎಲ್ಲ ಅದರಲ್ಲಿ ಸೇರಿವೆ. ಇವು ಒಂದೇ ಸಂಸ್ಥಾನವಾಗಿ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. ಅದಕ್ಕೂ ಹಿಂದಿನ ಬರಹಗಳಲ್ಲಿ ಕಾಶ್ಮೀರ ಅಂದರೆ ಬಹುಮಟ್ಟಿಗೆ ಝೀಲಂ ನದಿಯ ಕಣಿವೆ ಮಾತ್ರ. ಉದ್ದ ಸುಮಾರು 135 ಕಿಲೋಮೀಟರ್, ಅಗಲ ಸುಮಾರು 32.

ಆ ಕಣಿವೆಯ ಹಳೆಯ ಮನೆಗಳು ನೆಲದ ಮೇಲಿರಲಿಲ್ಲ, ನೆಲದೊಳಗಿದ್ದವು. ಶ್ರೀನಗರದ ಹತ್ತಿರ ಬುರ್ಜಹೋಮ್ ಎಂಬ ಜಾಗವಿದೆ. 1960ರ ದಶಕದಲ್ಲಿ ಪುರಾತತ್ವ ಇಲಾಖೆ ಅಲ್ಲಿ ಅಗೆಯಿತು. ಇಂದಿಗೆ ಸುಮಾರು 5000 ವರ್ಷಗಳ ಹಿಂದೆ ಶುರುವಾದ ವಸತಿ ಅದು. ಬಾಯಿ ಕಿರಿದು, ತಳ ಅಗಲ ಇರುವ ಗುಂಡಿಗಳು. ಇಳಿಯಲು ಮೆಟ್ಟಿಲು. ಸುತ್ತ ಕಂಬ ನೆಟ್ಟ ಗುರುತು, ಅಂದರೆ ಮೇಲೆ ಚಾವಣಿ ಇತ್ತು. ಒಳಗೆ ಬೂದಿ. ಅಲ್ಲಿಯ ಚಳಿಗಾಲ ನೆನೆಸಿಕೊಂಡರೆ ಕಾರಣ ಗೊತ್ತಾಗುತ್ತದೆ. ನಮ್ಮ ಬಳ್ಳಾರಿ ಸೀಮೆಯ ನವಶಿಲಾಯುಗದ ಜನ ಬಂಡೆ ಬೆಟ್ಟ ಹತ್ತಿ ಗುಡಿಸಲು ಹಾಕಿದರೆ, ಇವರು ಮಣ್ಣಿನೊಳಗೆ ಇಳಿದರು. ಸತ್ತವರ ಜೊತೆ ನಾಯಿಯನ್ನೂ ಹೂಳುತ್ತಿದ್ದರು. ಅಲ್ಲಿ ಸಿಕ್ಕ ತೂತಿನ ಕಲ್ಲುಕತ್ತಿಯಂಥದ್ದೇ ಉತ್ತರ ಚೀನಾದಲ್ಲೂ ಸಿಕ್ಕಿದೆ. ಕೆಂಪು ಮಣಿ ತುಂಬಿದ ಒಂದು ಮಡಕೆ ಸಿಂಧೂ ನಾಗರಿಕತೆಯ ಕಡೆ ಬೆರಳು ತೋರಿಸುತ್ತದೆ. ಸುತ್ತ ಬೆಟ್ಟ ಇದ್ದರೂ ಈ ಕಣಿವೆ ಬಾಗಿಲು ಹಾಕಿಕೊಂಡು ಕೂತಿರಲಿಲ್ಲ.

ಬರವಣಿಗೆಯ ಕಾಲಕ್ಕೆ ಬಂದರೆ ಕಾಶ್ಮೀರಕ್ಕೆ ಒಂದು ಭಾಗ್ಯವಿದೆ. 12ನೇ ಶತಮಾನದ ನಡುವೆ ಕಲ್ಹಣ ಬರೆದ 'ರಾಜತರಂಗಿಣಿ' ಅದು. ಅಶೋಕ, ಕುಷಾಣರು, ಮಾರ್ತಾಂಡ ದೇವಾಲಯ ಕಟ್ಟಿಸಿದ ಲಲಿತಾದಿತ್ಯ ಎಲ್ಲರೂ ಅದರಲ್ಲಿ ಬರುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವವನು ರಾಜನಲ್ಲ, ಸುಯ್ಯ. 9ನೇ ಶತಮಾನದಲ್ಲಿ ಅವಂತಿವರ್ಮನ ಆಳ್ವಿಕೆಯಲ್ಲಿ ನದಿಯ ಹೂಳು, ಬಂಡೆ ತೆಗೆಸಿ ನೆರೆ ತಗ್ಗಿಸಿದವನು. ಹಸಿದ ಜನ ನೀರಿಗಿಳಿದು ಕಲ್ಲು ಎತ್ತಲಿ ಎಂದು ನದಿಗೆ ನಾಣ್ಯ ಎಸೆದನಂತೆ. ಒಂದು ಖಾರಿ (ಅಲ್ಲಿಯ ಧಾನ್ಯದ ಅಳತೆ) ಭತ್ತದ ಬೆಲೆ 200 ದಿನ್ನಾರದಿಂದ (ಆಗಿನ ಹಣ) 36ಕ್ಕೆ ಇಳಿಯಿತು ಎಂದು ಕಲ್ಹಣ ಬರೆಯುತ್ತಾನೆ. ಅವನ ಹೆಸರಿನ ಸುಯ್ಯಪುರವೇ ಇಂದಿನ ಸೋಪೋರ್.

ಇಲ್ಲೇ ನಮ್ಮ ನಾಡೂ ಬರುತ್ತದೆ. ಶ್ರೀನಗರದ ಬಳಿಯ ಖೋನಮುಖದಲ್ಲಿ ಹುಟ್ಟಿದ ಬಿಲ್ಹಣ ಊರೂರು ಸುತ್ತಿ ಕಲ್ಯಾಣಕ್ಕೆ ಬಂದ. ಆರನೇ ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಪದವಿ ಕೊಟ್ಟ. ಅವನು ರಾಜನ ಮೇಲೆ 'ವಿಕ್ರಮಾಂಕದೇವಚರಿತ' ಬರೆದ. ಇತ್ತ ಕಾಶ್ಮೀರದ ರಾಜ ಹರ್ಷನಿಗೆ ದಕ್ಷಿಣದ ರೀತಿ ನೀತಿ ಹಿಡಿಸಿ, ಕರ್ಣಾಟದ ಮಾದರಿಯಲ್ಲಿ ನಾಣ್ಯ ಹೊರಡಿಸಿದ. ಬೀದರ್ ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಅದೇ ಹರ್ಷ ಹಣಕ್ಕಾಗಿ ದೇವಾಲಯಗಳ ವಿಗ್ರಹ ಕೀಳಿಸಿದ, ಅದಕ್ಕೊಬ್ಬ ಅಧಿಕಾರಿಯನ್ನೇ ನೇಮಿಸಿದ. ಮುಂದೆ 1339ರಲ್ಲಿ ಶಾ ಮೀರ್ ವಂಶದ ಸುಲ್ತಾನರು ಬಂದರು. ಅವರಲ್ಲಿ ಸಿಕಂದರ್ ದೇವಾಲಯ ಒಡೆಸಿದ. ಅವನ ಮಗ ಜೈನುಲ್ ಆಬಿದೀನ್ ಊರು ಬಿಟ್ಟ ಪಂಡಿತರನ್ನು ಕರೆಸಿಕೊಂಡ, ಸಂಸ್ಕೃತ ಗ್ರಂಥಗಳನ್ನು ಪರ್ಷಿಯನ್‌ಗೆ ಮಾಡಿಸಿದ. ಇದರಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ಪಾಠ ನಾನು ಮಾಡುವುದಿಲ್ಲ. ಎಷ್ಟು ಒತ್ತಾಯ ಬಂದರೂ ಅಷ್ಟೇ.

1586ರಲ್ಲಿ ಅಕ್ಬರನ ಸೇನೆ ಕಣಿವೆಗೆ ನುಗ್ಗಿತು. ಯೂಸುಫ್ ಶಾ ಚಕ್ ಎಂಬ ದೊರೆ ಸೆರೆಯಾಗಿ ಕಾಶ್ಮೀರಕ್ಕೆ ಮರಳಲೇ ಇಲ್ಲ. ಅವನ ಗೋರಿ ಬಿಹಾರದಲ್ಲಿದೆ. ನಮ್ಮ ಸ್ವಂತ ಆಳ್ವಿಕೆ ಮುಗಿದಿದ್ದು ಅಂದೇ ಎಂದು ಈಗಲೂ ಹೇಳುವ ಕಾಶ್ಮೀರಿಗಳಿದ್ದಾರೆ. ಮೊಘಲರ ನಂತರ ಅಫ್ಘನ್ನರು, 1819ರಿಂದ ಲಾಹೋರಿನ ಸಿಖ್ ದರ್ಬಾರು. ಶ್ರೀನಗರದ ಜಾಮಾ ಮಸೀದಿಗೆ ಆಗ ಎರಡು ದಶಕಕ್ಕೂ ಮೀರಿ ಬೀಗ ಬಿದ್ದಿತ್ತು. ಅದೇ ಹೊತ್ತಿಗೆ ಜಮ್ಮುವಿನ ಡೋಗ್ರಾ ದೊರೆ ಗುಲಾಬ್ ಸಿಂಗ್ ಬೆಳೆಯುತ್ತಿದ್ದ. ಅವನ ದಂಡನಾಯಕ ಜೋರಾವರ್ ಸಿಂಗ್ 1834ರಿಂದ ಲಡಾಖ್ ಗೆಲ್ಲತೊಡಗಿದ.

ಇಲ್ಲಿ ನಾನು ನಿಧಾನ ಮಾಡುತ್ತೇನೆ. 1846ರ ಮಾರ್ಚ್ 16ರ ಅಮೃತಸರ ಒಪ್ಪಂದದ ಪ್ರತಿಯನ್ನು ತರಗತಿಯಲ್ಲಿ ಹಂಚಿ, ಜೋರಾಗಿ ಓದಿಸುತ್ತೇನೆ. ಹತ್ತೇ ಕಲಮುಗಳು. ಯುದ್ಧದಲ್ಲಿ ಸೋತ ಸಿಖ್ಖರು ಪರಿಹಾರದ ಹಣ ಪೂರ್ತಿ ಕಟ್ಟಲಾಗದೆ ಈ ಗುಡ್ಡಗಾಡನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ವಾರದೊಳಗೆ ಬ್ರಿಟಿಷರು ಅದನ್ನು 75 ಲಕ್ಷ ರೂಪಾಯಿಗೆ ಗುಲಾಬ್ ಸಿಂಗನಿಗೆ ಕೊಟ್ಟರು. ನೆಲ ದಾಟಿಸುವ ಮೊದಲ ಕಲಮಿನಲ್ಲಿ ಕಾಶ್ಮೀರ ಎಂಬ ಹೆಸರೇ ಇಲ್ಲ. "ಸಿಂಧೂ ನದಿಗೆ ಪೂರ್ವ, ರಾವಿಗೆ ಪಶ್ಚಿಮದ ಗುಡ್ಡಗಾಡು" ಎಂದಿದೆ, ಅಷ್ಟೇ. ಹೆಸರು ಬರುವುದು ಕೊನೆಯ ಕಲಮಿನಲ್ಲಿ. ಮಹಾರಾಜ ವರ್ಷಕ್ಕೊಮ್ಮೆ ಒಂದು ಕುದುರೆ, 12 ಶಾಲಿನ ಮೇಕೆ, ಮೂರು ಜೊತೆ ಕಾಶ್ಮೀರಿ ಶಾಲು ಒಪ್ಪಿಸಬೇಕು. ಮೇಕೆಗಳಲ್ಲಿ ಆರು ಗಂಡು, ಆರು ಹೆಣ್ಣು ಎಂದೂ ಬರೆದಿದ್ದಾರೆ. ಅಲ್ಲಿ ಬದುಕುವ ಮನುಷ್ಯರ ಬಗ್ಗೆ ಒಂದು ಸಾಲೂ ಇಲ್ಲ. ಇದನ್ನು ಸಾಮಾನ್ಯವಾಗಿ ಹಿಂದಿನ ಬೆಂಚಿನ ಯಾರೋ ಒಬ್ಬರು ಮೊದಲು ಗಮನಿಸುತ್ತಾರೆ.

ಆ ಶಾಲು ನೇಯುವವರ ಸ್ಥಿತಿ ಹೇಗಿತ್ತು? ತೆರಿಗೆಯ ಭಾರಕ್ಕೆ ನಲುಗಿ ಅವರು 1865ರಲ್ಲಿ ಶ್ರೀನಗರದ ಬೀದಿಗೆ ಇಳಿದರು. ಸೈನಿಕರು ಅಟ್ಟಿದಾಗ ಹಲವರು ಸತ್ತರು. ರೈತರನ್ನು ಬಿಟ್ಟಿ ಕೆಲಸಕ್ಕೆ ಹಿಡಿದು ಗಿಲ್ಗಿಟ್ ದಾರಿಯಲ್ಲಿ ಮೂಟೆ ಹೊರಿಸುತ್ತಿದ್ದರು. 1931ರ ಜುಲೈ 13ರಂದು ಶ್ರೀನಗರದ ಜೈಲಿನ ಹೊರಗೆ ಗುಂಡಿಗೆ 20ಕ್ಕೂ ಹೆಚ್ಚು ಜನ ಬಲಿಯಾದರು. ಮರುವರ್ಷ ಮುಸ್ಲಿಂ ಕಾನ್ಫರೆನ್ಸ್ ಹುಟ್ಟಿತು. 1939ರಲ್ಲಿ ಶೇಖ್ ಅಬ್ದುಲ್ಲಾ ಅದನ್ನು ಎಲ್ಲ ಧರ್ಮದವರ ನ್ಯಾಷನಲ್ ಕಾನ್ಫರೆನ್ಸ್ ಆಗಿ ಬದಲಿಸಿದರು. 1946ರಲ್ಲಿ ಅವರು ಮಹಾರಾಜರಿಗೆ "ಕಾಶ್ಮೀರ ಬಿಟ್ಟು ತೊಲಗಿ" ಎಂದರು. ಅಮೃತಸರದ ಮಾರಾಟವೇ ಸಲ್ಲದು ಎಂಬುದು ಅವರ ವಾದ. ಅವರನ್ನು ಜೈಲಿಗೆ ಹಾಕಿದರು.

1947ರ ಆಗಸ್ಟ್ 15 ಬಂತು. 1941ರ ಜನಗಣತಿಯ ಪ್ರಕಾರ ಸಂಸ್ಥಾನದ ಸುಮಾರು 40 ಲಕ್ಷ ಜನರಲ್ಲಿ 77% ಮುಸ್ಲಿಮರು, ರಾಜ ಹಿಂದೂ. ವರ್ಷವಿಡೀ ತೆರೆದಿರುವ ಮುಖ್ಯ ರಸ್ತೆ ಬಾರಾಮುಲ್ಲಾ ಮೇಲೆ ರಾವಲ್ಪಿಂಡಿಗೆ ಹೋಗುತ್ತಿತ್ತು. ಜಮ್ಮುವಿಗೆ ಹೋಗುವ ಬನಿಹಾಲ್ ರಸ್ತೆ ಚಳಿಗಾಲದಲ್ಲಿ ಹಿಮದಿಂದ ಮುಚ್ಚುತ್ತಿತ್ತು. ಮಹಾರಾಜ ಹರಿ ಸಿಂಗ್ ಎರಡೂ ದೇಶಗಳಿಗೆ ಸೇರಲಿಲ್ಲ. 72 ದಿನ ಹೀಗೇ ಕಳೆಯಿತು. ಅಷ್ಟರಲ್ಲಿ ಪೂಂಛ್ ದಂಗೆ ಎದ್ದಿತು, ಜಮ್ಮುವಿನಲ್ಲಿ ರಕ್ತ ಹರಿಯಿತು. ಅಕ್ಟೋಬರ್ 22ರಂದು ಪಾಕಿಸ್ತಾನದ ಕಡೆಯಿಂದ ಪಠಾಣ್ ಬುಡಕಟ್ಟಿನ ಪಡೆಗಳು ಮುಜಫರಾಬಾದಿಗೆ ನುಗ್ಗಿದವು. 26ರಂದು ಹರಿ ಸಿಂಗ್ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಮರುದಿನ ನಮ್ಮ ಸೈನಿಕರು ಶ್ರೀನಗರದಲ್ಲಿ ಇಳಿದರು.

ಆ ಸೇರ್ಪಡೆ ಪತ್ರದ ಪ್ರತಿಯನ್ನೂ ಹಂಚುತ್ತೇನೆ. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯ ಭಾರತಕ್ಕೆ. ಅದರ ಜೊತೆ 27ರಂದು ಮೌಂಟ್‌ಬ್ಯಾಟನ್ ಬರೆದ ಉತ್ತರವನ್ನೂ ಓದಿಸುತ್ತೇನೆ. ದಾಳಿಕೋರರು ಹೋಗಿ ಶಾಂತಿ ಮರಳಿದ ಮೇಲೆ ಸೇರ್ಪಡೆಯ ವಿಷಯವನ್ನು ಜನರನ್ನು ಕೇಳಿ ತೀರ್ಮಾನಿಸಬೇಕು ಎಂದು ಅದರಲ್ಲಿದೆ. 1846ರ ಹಾಳೆಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಲು ಹೇಳಿರುತ್ತೇನೆ. ಮೇಕೆಗಳ ಲೆಕ್ಕವಿದ್ದ ಆ ಹಾಳೆಯಲ್ಲಿ ಇಲ್ಲದ 'ಜನ' ಎಂಬ ಪದ ಈ ಹಾಳೆಯಲ್ಲಿದೆ.