ಚೂರುಚೂರಾಗಿ ಉಳಿಯುವ ಫೈಲು

ಕ್ಲೌಡ್ ಅಂದ ಕೂಡಲೇ ತಲೆ ಎತ್ತಿ ನೋಡಬೇಕಾಗಿಲ್ಲ. ನೀವು ಅಪ್‌ಲೋಡ್ ಮಾಡಿದ ಫೋಟೊ ಹೋಗಿ ಕೂರುವುದು ನೆಲದ ಮೇಲೇ, ಎಲ್ಲೋ ಒಂದು ದೊಡ್ಡ ಕಟ್ಟಡದ ಡಿಸ್ಕುಗಳಲ್ಲಿ. ಅವೂ ಕೆಡುತ್ತವೆ. ಸಾವಿರಾರು ಡಿಸ್ಕು ಇರುವ ಕಡೆ ಒಂದಲ್ಲ ಒಂದು ಕೆಡುತ್ತಲೇ ಇರುತ್ತದೆ. ಆದರೂ ಫೋಟೊ ಉಳಿಯುತ್ತದೆ. ಹೇಗೆ?

ಒಂದೇ ಫೈಲಿನ ಮೂರು ಪ್ರತಿ ಇಡಬಹುದು, ಆದರೆ ಜಾಗವೂ ಮೂರು ಪಟ್ಟು ಬೇಕು. ಇದಕ್ಕಿಂತ ಜಾಣ ದಾರಿ ಇದೆ. ಎರಡು ಚೀಟಿ ತಗೊಂಡು ಒಂದರಲ್ಲಿ 7, ಇನ್ನೊಂದರಲ್ಲಿ 5 ಬರೆಯಿರಿ. ಮೂರನೆಯದರಲ್ಲಿ ಎರಡೂ ಕೂಡಿಸಿ 12 ಬರೆಯಿರಿ. ಈಗ ಯಾವ ಚೀಟಿ ಕಳೆದುಹೋದರೂ ಉಳಿದೆರಡು ಅದನ್ನು ಹೇಳಿಬಿಡುತ್ತವೆ, ಅಲ್ವಾ?

ಇದೇ ಜಾತಿಯ, ಆದರೆ ಇದಕ್ಕಿಂತ ಬಹಳ ಗಟ್ಟಿಯಾದ ಲೆಕ್ಕವನ್ನು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಕೊಟ್ಟರು. ಗೀರು ಬಿದ್ದ ಸಿಡಿ ಹಾಡುವುದು, ಸ್ವಲ್ಪ ಹರಿದ ಕ್ಯೂಆರ್ ಕೋಡ್ ಓದಿಸಿಕೊಳ್ಳುವುದು ಇದರ ಬಲದಿಂದಲೇ. ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಕಂಪನಿ 2015ರಲ್ಲಿ ತನ್ನ ವಿಧಾನ ವಿವರಿಸಿತ್ತು: ಫೈಲನ್ನು 17 ಚೂರು ಮಾಡು, ಲೆಕ್ಕ ಹಾಕಿ ಇನ್ನೂ 3 ಚೂರು ಸೇರಿಸು, 20 ಬೇರೆ ಬೇರೆ ಯಂತ್ರಗಳಲ್ಲಿ ಹಂಚಿಡು. ಇಪ್ಪತ್ತರಲ್ಲಿ ಯಾವ 17 ಸಿಕ್ಕರೂ ಫೈಲು ಪೂರ್ತಿ ವಾಪಸ್. ಮೂರು ಯಂತ್ರ ಒಟ್ಟಿಗೇ ಸತ್ತರೂ ಚಿಂತೆಯಿಲ್ಲ. ಹೆಚ್ಚಿಗೆ ಬೇಕಾಗುವ ಜಾಗ ಶೇಕಡ 18ರಷ್ಟು ಮಾತ್ರ. ನನಗಂತೂ ಇದು ಜಾದೂಗಿಂತ ಚೆಂದ ಅನಿಸುತ್ತದೆ.

ಆದರೆ ಕಟ್ಟಡವೇ ಹೋದರೆ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಎರಡೂ ಒಟ್ಟಿಗೇ ಬೂದಿಯಾದವು.

ಬೆಂಕಿಗಿಂತ ಜಾಸ್ತಿ ಕಾಡುವ ಶತ್ರು ನಮ್ಮದೇ ಬೆರಳು. ಒಮ್ಮೆ ನಾನು ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಒಂದು ಫೋಲ್ಡರ್ ಅಳಿಸಿದೆ. ಕ್ಲೌಡ್‌ನಲ್ಲಿ ಇದ್ದೇ ಇದೆ ಎಂಬ ಧೈರ್ಯ. ಅಲ್ಲೂ ಅಳಿಯಿತು! ನನ್ನಲ್ಲಿದ್ದದ್ದು ಸಿಂಕ್, ಬ್ಯಾಕಪ್ ಅಲ್ಲ. ಸಿಂಕ್ ಅಂದರೆ ಕನ್ನಡಿ ಇದ್ದಂತೆ, ಇಲ್ಲಿ ಮಾಡಿದ್ದು ಅಲ್ಲೂ ಆಗುತ್ತದೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ, ಬೀಗ ಬಿದ್ದ ಫೈಲೇ ಮೇಲೆ ಹೋಗುತ್ತದೆ. ಬ್ಯಾಕಪ್ ಹಳೆಯ ಪ್ರತಿಗಳನ್ನು ತಿಂಗಳುಗಟ್ಟಲೆ ಬೇರೆಯಾಗಿ ಇಡುತ್ತದೆ. ನಿನ್ನೆಯದು ಕೆಟ್ಟಿದ್ದರೆ ಮೊನ್ನೆಯದು ಇರುತ್ತದೆ.

ಮೊದಲ ಸಲ ಬ್ಯಾಕಪ್ ಮಾಡುವಾಗ ತಾಳ್ಮೆ ಬೇಕು. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 1 ಟೆರಾಬೈಟ್ ಹೋಗಲು ಒಂಬತ್ತು ದಿನಕ್ಕೂ ಜಾಸ್ತಿ. ಆಮೇಲೆ ಹೊಸದು, ಬದಲಾದದ್ದು ಮಾತ್ರ ಹೋಗುವುದರಿಂದ ಸುಮ್ನೆ ಹಿನ್ನೆಲೆಯಲ್ಲಿ ನಡೆಯುತ್ತಿರುತ್ತದೆ. ಕೆಲವು ಸೇವೆಗಳಲ್ಲಿ ನಿಮ್ಮದೇ ಪಾಸ್‌ವರ್ಡಿನಿಂದ ಫೈಲನ್ನು ಗುಪ್ತ ಲಿಪಿಗೆ ತಿರುಗಿಸಿ ಕಳಿಸಬಹುದು. ಆಗ ಕಂಪನಿಗೂ ಅದನ್ನು ಓದಲು ಆಗುವುದಿಲ್ಲ. ಪಾಸ್‌ವರ್ಡ್ ಮರೆತರೆ ನಿಮಗೂ ಅಷ್ಟೇ.

ಅದಕ್ಕೇ ಆಗಾಗ ಒಂದು ಹಳೇ ಫೈಲನ್ನು ಇಳಿಸಿಕೊಂಡು, ತೆರೆಯುತ್ತದಾ ಅಂತ ನೋಡುತ್ತೇನೆ. ಹೋದ ಸಲ ಪಾಸ್‌ವರ್ಡ್ ನೆನಪಾಗಲು ಅರ್ಧ ಗಂಟೆ ಹಿಡಿಯಿತು.